ಮಕ್ಕಳ ಕಣ್ಣಿನ ಕ್ಯಾನ್ಸರ್ ಮತ್ತು ಔಷಧೀಯ ಸಸ್ಯಗಳು

ಆಂಧ್ರಪ್ರದೇಶದ ವಿಜಯವಾಡದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಗನ್ನವರಂ ಪಟ್ಟಣವಿದೆ. ವಿಜಯವಾಡದ ವಿಮಾನ ನಿಲ್ದಾಣ ಇರುವುದು ಇಲ್ಲಿಯೇ. ದಕ್ಷಿಣ ಭಾರತದ ಬೇರೆಲ್ಲ ಊರುಗಳಂತೆ ಈ ಭಾಗದ ಮನೆಗಳ ಅಂಗಳಗಳಲ್ಲಿಯೂ ಒಂದು ಪುಟ್ಟ ಗಿಡವನ್ನು ಕಾಣಬಹುದು. ಐದು ಎಸಳಿನ ನಸುಗೆಂಪು ಇಲ್ಲವೆ ಬಿಳಿಯ ಹೂವು; ನೀರಿಲ್ಲದೆಯೂ ಬದುಕುವ, ದನಕರುಗಳು ಬಾಯಿ ಹಾಕದ, ವರ್ಷವಿಡೀ ಹೂ ಬಿಡುವ ಗಿಡ. ತೆಲುಗರು ಇದನ್ನು ಬಿಳ್ಳ ಗನ್ನೇರು ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದು ಕಾಶಿ ಕಣಗಿಲೆ. ಸದಾಪುಷ್ಪ, ನಿತ್ಯಪುಷ್ಪ ಎಂಬ ಹೆಸರುಗಳೂ ಇದಕ್ಕುಂಟು. ಗನ್ನವರಂನ ಅಂಗಳದಲ್ಲಾಗಲಿ, ಗದಗದ ಅಂಗಳದಲ್ಲಾಗಲಿ ಈ ಗಿಡವನ್ನು ನೋಡದವರು ವಿರಳ.

ಇದೇ ಅಂಗಳದಲ್ಲಿ ಆಡುವ ಒಂದೂವರೆ ವರ್ಷದ ಮಗುವಿನ ಕಣ್ಣಿನ ಪಾಪೆಯಲ್ಲಿ ಒಂದು ಸಂಜೆ ಬಿಳಿಯ ಹೊಳಪೊಂದು ತಾಯಿಗೆ ಕಾಣಿಸಿತು ಎಂದು ಭಾವಿಸೋಣ. ಮಗುವಿಗೆ ನೋವಿಲ್ಲ, ಜ್ವರವಿಲ್ಲ. ಅದು ಎಂದಿನಂತೆ ನಗುತ್ತಿದೆ. ಮನೆಯ ಹಿರಿಯರು ಯಾವುದೋ ಸೊಪ್ಪಿನ ರಸವನ್ನು ಕಣ್ಣಿಗೆ ಬಿಡಲು ಹೇಳುತ್ತಾರೆ. ನೆರೆಯವರು ದೂರದ ಊರಿನ ಬೇರೊಂದು ಮದ್ದನ್ನು ಸೂಚಿಸುತ್ತಾರೆ. ಹೀಗೆ ಎರಡು ಮೂರು ತಿಂಗಳು ಕಳೆದುಹೋಗುತ್ತವೆ. ಆ ಬಿಳಿ ಹೊಳಪು ಅಕ್ಷಿಪಟಲದ ಕ್ಯಾನ್ಸರಿನದಾಗಿದ್ದರೆ, ಕಳೆದುಹೋದ ಆ ತಿಂಗಳುಗಳೇ ಮಗುವಿನ ಕಣ್ಣನ್ನು, ಕೆಲವೊಮ್ಮೆ ಪ್ರಾಣವನ್ನೂ, ಬಲಿ ತೆಗೆದುಕೊಳ್ಳಬಲ್ಲವು.

ಸಸ್ಯಗಳಿಂದ ಈ ರೋಗಕ್ಕೆ ಮದ್ದುಂಟೆ ಎಂಬ ಪ್ರಶ್ನೆಗೆ ಉತ್ತರ, ಹೌದು, ಉಂಟು. ಆದರೆ ಆ ಮದ್ದು ಇರುವುದು ಎಲೆಯ ರಸದಲ್ಲಿ ಅಲ್ಲ, ಆಸ್ಪತ್ರೆಯ ಔಷಧದ ಸೀಸೆಯಲ್ಲಿ. ಈ ಮಾತಿನ ಅರ್ಥವನ್ನು ವಿವರಿಸುವುದೇ ಈ ಪಾಠದ ಉದ್ದೇಶ.

ರೋಗದ ಪರಿಚಯ

ಕಣ್ಣಿನ ಒಳಗೋಡೆಯ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪೊರೆಯೊಂದಿದೆ. ಇದನ್ನು ಅಕ್ಷಿಪಟಲ ಎನ್ನುತ್ತಾರೆ. ಶೈಶವದಲ್ಲಿ ಈ ಪೊರೆಯ ಎಳೆಯ ಜೀವಕೋಶಗಳು ಹದ್ದು ಮೀರಿ ಬೆಳೆದು ಗಡ್ಡೆಯಾಗುವ ಕಾಯಿಲೆಯೇ ರೆಟಿನೋಬ್ಲಾಸ್ಟೊಮ. ಹುಟ್ಟುವ ಪ್ರತಿ 15 ರಿಂದ 20 ಸಾವಿರ ಮಕ್ಕಳಲ್ಲಿ ಒಂದಕ್ಕೆ ಮಾತ್ರ ಬರುವ ಇದು ಅಪರೂಪದ ರೋಗವಾದರೂ, ಚಿಕ್ಕ ಮಕ್ಕಳ ಕಣ್ಣಿನೊಳಗೆ ಹುಟ್ಟುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8 ಸಾವಿರ ಮಕ್ಕಳು ಇದಕ್ಕೆ ತುತ್ತಾಗುತ್ತಾರೆಂದು ಅಂದಾಜು. ಜನನಗಳ ಸಂಖ್ಯೆ ಹೆಚ್ಚಾಗಿರುವ ನಮ್ಮ ದೇಶದ ಪಾಲು ಇದರಲ್ಲಿ ದೊಡ್ಡದು. ಬಹುಪಾಲು ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ರೋಗ ಗೋಚರಿಸುತ್ತದೆ.

ಚಿಕಿತ್ಸೆ ನೀಡದಿದ್ದಲ್ಲಿ ಗಡ್ಡೆಯು ಕಣ್ಣಿನೊಳಗೆಲ್ಲ ಹರಡಿ, ದೃಷ್ಟಿನರದ ಮೂಲಕ ಮಿದುಳನ್ನು ಸೇರುತ್ತದೆ; ರಕ್ತದ ಮೂಲಕ ಅಸ್ಥಿಮಜ್ಜೆಗೂ ಹೋಗಬಲ್ಲದು. ಆದರೆ ರೋಗ ಕಣ್ಣಿನ ಒಳಗೇ ಇರುವಾಗ ಪತ್ತೆಯಾದಲ್ಲಿ, ಸಂಪೂರ್ಣವಾಗಿ ಗುಣವಾಗುವ ಕ್ಯಾನ್ಸರುಗಳ ಸಾಲಿಗೆ ಇದು ಸೇರುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಅಂಕಿ ಅಂಶಗಳು ತಿಳಿಸುತ್ತವೆ. 2017ರಲ್ಲಿ ರೋಗ ಪತ್ತೆಯಾದ, 153 ದೇಶಗಳ 4,351 ಮಕ್ಕಳನ್ನು ಕುರಿತ ಅಂತಾರಾಷ್ಟ್ರೀಯ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶ್ರೀಮಂತ ದೇಶಗಳಲ್ಲಿ ರೋಗ ಪತ್ತೆಯಾಗುವ ಮಧ್ಯಮ ವಯಸ್ಸು ಸುಮಾರು 14 ತಿಂಗಳಾಗಿದ್ದರೆ, ಕಡುಬಡ ದೇಶಗಳಲ್ಲಿ ಅದು 30 ತಿಂಗಳನ್ನು ಮೀರಿತ್ತು. ಪತ್ತೆಯಾಗುವ ವೇಳೆಗೆ ದೇಹದ ಬೇರೆಡೆಗೆ ರೋಗ ಹರಡಿದ್ದ ಮಕ್ಕಳು ಶ್ರೀಮಂತ ದೇಶಗಳಲ್ಲಿ ಶೇಕಡ ಒಂದಕ್ಕಿಂತಲೂ ಕಡಿಮೆ. ಕಡುಬಡ ದೇಶಗಳಲ್ಲಿ ಸುಮಾರು ಶೇಕಡ 19. ಇದರ ಮುಂದುವರಿಕೆಯಾಗಿ 2022ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೂರು ವರ್ಷಗಳ ನಂತರ ಬದುಕುಳಿದ ಮಕ್ಕಳ ಪ್ರಮಾಣವು ಶ್ರೀಮಂತ ದೇಶಗಳಲ್ಲಿ ಶೇಕಡ 99ಕ್ಕಿಂತ ಹೆಚ್ಚಾಗಿದ್ದು, ಕಡುಬಡ ದೇಶಗಳಲ್ಲಿ ಶೇಕಡ 57ರಷ್ಟಿತ್ತು. ಭಾರತದಂತಹ ಕೆಳ ಮಧ್ಯಮ ವರಮಾನದ ದೇಶಗಳ ಗುಂಪಿನಲ್ಲಿ ಇದು ಸುಮಾರು ಶೇಕಡ 80. ರೋಗ ಒಂದೇ; ಪತ್ತೆ ಹಚ್ಚುವುದರಲ್ಲಿ ಆಗುವ ವಿಳಂಬವೂ, ಪೂರ್ಣ ಚಿಕಿತ್ಸೆ ದೊರೆಯದಿರುವುದೂ ಈ ಅಂತರಕ್ಕೆ ಮುಖ್ಯ ಕಾರಣಗಳು.

ರೋಗ ಬರುವುದೇಕೆ?

ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಯೊಂದು 13ನೆಯ ವರ್ಣತಂತುವಿನಲ್ಲಿದೆ. ಪ್ರತಿಯೊಬ್ಬರಲ್ಲಿಯೂ ಇದರ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಗಾಡಿಗೆ ಎರಡು ಎತ್ತು ಕಟ್ಟಿದಂತೆ, ಒಂದು ಸೋತರೂ ಇನ್ನೊಂದು ಸ್ವಲ್ಪ ಕಾಲ ಭಾರ ಹೊರುತ್ತದೆ. ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಕಡಿವಾಣ ತಪ್ಪುತ್ತದೆ. ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್‌ಸನ್ 1971ರಲ್ಲಿ ಈ ರೋಗದ 48 ಪ್ರಕರಣಗಳನ್ನು ಪರಿಶೀಲಿಸಿ ಇಂತಹ ಎರಡು ಪೆಟ್ಟುಗಳ ಸಿದ್ಧಾಂತವನ್ನು ಮಂಡಿಸಿದರು. 1986ರಲ್ಲಿ ಆ ವಂಶವಾಹಿಯನ್ನೇ ಬೇರ್ಪಡಿಸಿ ಗುರುತಿಸಲಾಯಿತು. ಕ್ಯಾನ್ಸರನ್ನು ತಡೆಯುವ ವಂಶವಾಹಿಗಳಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಇದೇ.

ಸುಮಾರು ಶೇಕಡ 40ರಷ್ಟು ಮಕ್ಕಳಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇಂತಹ ಮಕ್ಕಳಲ್ಲಿ ಎರಡೂ ಕಣ್ಣುಗಳಿಗೆ ರೋಗ ಬರುವುದು ಹೆಚ್ಚು. ಅವರ ಮುಂದಿನ ಸಂತಾನಕ್ಕೂ ಆ ದೋಷ ಹರಿಯುವ ಸಾಧ್ಯತೆ ಅರ್ಧಕ್ಕರ್ಧ. ಉಳಿದ ಮಕ್ಕಳಲ್ಲಿ ಎರಡೂ ಪೆಟ್ಟುಗಳು ಅಕ್ಷಿಪಟಲದ ಒಂದೇ ಜೀವಕೋಶದಲ್ಲಿ ಆಕಸ್ಮಿಕವಾಗಿ ಒದಗುತ್ತವೆ. ತಾಯಿ ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದು, ಯಾರದೋ ದೃಷ್ಟಿ ತಾಗಿದ್ದು, ಪೂರ್ವಜನ್ಮದ ಪಾಪ, ಇವಾವುವೂ ಈ ರೋಗಕ್ಕೆ ಕಾರಣಗಳಲ್ಲ. ತಾಯಿಯನ್ನು ದೂಷಿಸುವುದು ಅನ್ಯಾಯ; ಆ ಜಗಳದಲ್ಲಿ ಕಳೆಯುವ ದಿನಗಳು ಮಗುವಿಗೆ ನಷ್ಟ.

ಗಮನಿಸಬೇಕಾದ ಚಿಹ್ನೆಗಳು

ಮೊದಲನೆಯದು ಪಾಪೆಯಲ್ಲಿ ಕಾಣುವ ಬಿಳಿ ಹೊಳಪು. ಕತ್ತಲೆಯಲ್ಲಿ ಬೆಕ್ಕಿನ ಕಣ್ಣು ಹೊಳೆಯುವ ಹಾಗೆ ಇದು ಮಬ್ಬು ಬೆಳಕಿನಲ್ಲಿ, ಒಂದು ನಿರ್ದಿಷ್ಟ ಕೋನದಿಂದ ನೋಡಿದಾಗ ಮಾತ್ರ ಕಾಣಿಸಬಹುದು. ಫ್ಲಾಷ್ ಬೆಳಕಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಒಂದು ಪಾಪೆ ಕೆಂಪಾಗಿಯೂ ಇನ್ನೊಂದು ಬಿಳಿಯಾಗಿಯೂ ಕಂಡರೆ ಅದನ್ನು ಚಿತ್ರದ ದೋಷವೆಂದು ತಳ್ಳಿಹಾಕಬಾರದು. ಎರಡನೆಯದು ಮೆಳ್ಳೆಗಣ್ಣು. ಇದನ್ನು ಅದೃಷ್ಟದ ಲಕ್ಷಣವೆಂದು ಹೇಳುವವರೂ ಉಂಟು. ಆದರೆ ಮಗುವಿಗೆ ಹೊಸದಾಗಿ ಮೆಳ್ಳೆಗಣ್ಣು ಬಂದಾಗ ಅಕ್ಷಿಪಟಲವನ್ನು ಪರೀಕ್ಷಿಸಲೇಬೇಕು. ಕಣ್ಣು ಕೆಂಪಾಗಿ ಊದಿಕೊಳ್ಳುವುದು, ನೋವು, ಕಣ್ಣುಗುಡ್ಡೆ ಮುಂದಕ್ಕೆ ಚಾಚುವುದು, ಇವು ರೋಗ ಬಲಿತ ನಂತರದ ಚಿಹ್ನೆಗಳು.

ಬಿಳಿ ಹೊಳಪೆಲ್ಲವೂ ಕ್ಯಾನ್ಸರಲ್ಲ. ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಮೊದಲಾದ ಕಾರಣಗಳಿಂದಲೂ ಅದು ಕಾಣಿಸಬಹುದು. ಆದರೆ ಅದಾವುದೆಂದು ನಿರ್ಧರಿಸಬೇಕಾದವರು ಪಾಪೆಯನ್ನು ಹಿಗ್ಗಿಸಿ ಕಣ್ಣಿನ ಒಳಭಾಗವನ್ನು ನೋಡಬಲ್ಲ ನೇತ್ರತಜ್ಞರು. ಈ ಪರೀಕ್ಷೆಯನ್ನು ವಾರಗಳ ಮಟ್ಟಿಗೆ ಮುಂದೂಡಲಾಗದು.

ಅಂಗಳದ ಹೂವಿನಿಂದ ಬಂದ ಔಷಧ

ಈಗ ಕಾಶಿ ಕಣಗಿಲೆಯ ಕಡೆಗೆ ಮರಳೋಣ. ಈ ಗಿಡದ ತೌರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಅಲ್ಲಿಂದ ಇದು ಉಷ್ಣವಲಯದ ನಾಡುಗಳಿಗೆಲ್ಲ ಹಬ್ಬಿತು. ಹಲವು ದೇಶಗಳಲ್ಲಿ ಜನರು ಇದರ ಎಲೆಯ ಕಷಾಯವನ್ನು ಸಿಹಿಮೂತ್ರ ರೋಗಕ್ಕೆ ಬಳಸುತ್ತಿದ್ದರು. 1952ರಲ್ಲಿ ಜಮೈಕದಿಂದ ಇದರ ಎಲೆಗಳು ಕೆನಡಕ್ಕೆ ಪರೀಕ್ಷೆಗಾಗಿ ಹೋದದ್ದು ಈ ಕಾರಣದಿಂದಲೇ. ಅಲ್ಲಿನ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಎಲೆಯ ಸಾರವನ್ನು ಇಲಿಗಳಿಗೆ ತಿನ್ನಿಸಿದಾಗ ಸಕ್ಕರೆಯ ಮಟ್ಟದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಅದೇ ಸಾರವನ್ನು ಸೂಜಿಮದ್ದಾಗಿ ಕೊಟ್ಟಾಗ ಇಲಿಗಳು ಸೋಂಕಿನಿಂದ ಸತ್ತವು. ಪರೀಕ್ಷಿಸಿ ನೋಡಿದಾಗ ಅವುಗಳ ಬಿಳಿ ರಕ್ತಕಣಗಳು ತೀವ್ರವಾಗಿ ಇಳಿದಿದ್ದವು. ಬಿಳಿ ರಕ್ತಕಣಗಳನ್ನು ಹೀಗೆ ತಗ್ಗಿಸುವ ವಸ್ತುವು, ಅವು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರನ್ನೂ ತಡೆಯಬಹುದಲ್ಲವೇ ಎಂಬ ಯೋಚನೆ ಅವರಿಗೆ ಹೊಳೆಯಿತು. 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಅವರು ಬೇರ್ಪಡಿಸಿದ ಸುದ್ದಿ ಪ್ರಕಟವಾಯಿತು. ಅದರ ಬೆನ್ನಲ್ಲೇ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಸಂಶೋಧಕರು ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಎಂಬ ಸೋದರ ವಸ್ತುವನ್ನು ಪಡೆದರು. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಔಷಧವಾಗಿ ಮಾನ್ಯತೆ ದೊರೆಯಿತು.

ಜೀವಕೋಶವೊಂದು ಎರಡಾಗುವಾಗ ಅದರೊಳಗೆ ಸೂಕ್ಷ್ಮವಾದ ನೂಲಿನಂತಹ ರಚನೆಗಳು ಏರ್ಪಟ್ಟು ವರ್ಣತಂತುಗಳನ್ನು ಎರಡು ಬದಿಗೆ ಎಳೆಯುತ್ತವೆ. ವಿನ್‌ಕ್ರಿಸ್ಟಿನ್ ಆ ನೂಲು ನೇಯದಂತೆ ತಡೆಯುತ್ತದೆ. ನೂಲಿಲ್ಲದ ಮಗ್ಗದಂತೆ ಜೀವಕೋಶದ ವಿಭಜನೆ ನಿಂತು, ಕೊನೆಗೆ ಕೋಶ ಸಾಯುತ್ತದೆ. ಕ್ಯಾನ್ಸರಿನ ಕೋಶಗಳು ಬಿಡುವಿಲ್ಲದೆ ವಿಭಜನೆಗೊಳ್ಳುವುದರಿಂದ ಅವುಗಳ ಮೇಲೆ ಇದರ ಪೆಟ್ಟು ಹೆಚ್ಚು.

1990ರ ದಶಕದವರೆಗೆ ರೆಟಿನೋಬ್ಲಾಸ್ಟೊಮಕ್ಕೆ ಕಣ್ಣನ್ನು ತೆಗೆಯುವುದು ಮತ್ತು ಹೊರಗಿನಿಂದ ವಿಕಿರಣ ನೀಡುವುದು ಮುಖ್ಯ ಚಿಕಿತ್ಸೆಗಳಾಗಿದ್ದವು. ಆ ದಶಕದ ನಡುವಿನಲ್ಲಿ ಹಲವು ದೇಶಗಳ ವೈದ್ಯರು ಮೊದಲು ಔಷಧಗಳಿಂದ ಗಡ್ಡೆಯನ್ನು ಕುಗ್ಗಿಸಿ, ಅನಂತರ ಉಳಿದ ಭಾಗವನ್ನು ಲೇಸರ್ ಇಲ್ಲವೆ ಶೀತಚಿಕಿತ್ಸೆಯಿಂದ ನಾಶಪಡಿಸುವ ಕ್ರಮವನ್ನು ರೂಢಿಗೆ ತಂದರು. ಇದರಿಂದ ಅನೇಕ ಮಕ್ಕಳ ಕಣ್ಣು ಉಳಿಯಿತು. ಈ ಕ್ರಮದಲ್ಲಿ ಸಾಮಾನ್ಯವಾಗಿ ಬಳಸುವ ಔಷಧಗಳು ಮೂರು: ವಿನ್‌ಕ್ರಿಸ್ಟಿನ್, ಎಟೊಪೊಸೈಡ್ ಮತ್ತು ಕಾರ್ಬೊಪ್ಲಾಟಿನ್. ಮೂರನೆಯದು ಪ್ಲಾಟಿನಂ ಲೋಹದ ಸಂಯುಕ್ತ. ಮೊದಲನೆಯ ಎರಡು ಸಸ್ಯಮೂಲದವು. ಎಂದರೆ, ಈ ರೋಗಕ್ಕೆ ಔಷಧೀಯ ಸಸ್ಯಗಳ ಚಿಕಿತ್ಸೆಯನ್ನು ಬಯಸುವ ಪಾಲಕರಿಗೆ ಅದು ದೊರೆಯುವ ಸ್ಥಳ ಕ್ಯಾನ್ಸರ್ ಆಸ್ಪತ್ರೆಯೇ ಆಗಿದೆ.

ಹಿಮಾಲಯದ ಬೇರು, ಸಹ್ಯಾದ್ರಿಯ ಮರ

ಎರಡನೆಯ ಔಷಧವಾದ ಎಟೊಪೊಸೈಡಿನ ಮೂಲ ಪೊಡೊಫೈಲಮ್ ಎಂಬ ಸಸ್ಯ. ಇದರ ಒಂದು ಪ್ರಭೇದ ಹಿಮಾಲಯದ ಎತ್ತರದ ತಂಪು ಕಾಡುಗಳಲ್ಲಿ ಬೆಳೆಯುತ್ತದೆ. ಅಲ್ಲಿನ ಜನ ಇದನ್ನು ಬನಕಕ್ಡಿ ಎನ್ನುತ್ತಾರೆ. ಇದರ ನೆಲದೊಳಗಿನ ಕಾಂಡದಿಂದ ಬರುವ ರಾಳದಲ್ಲಿ ಪೊಡೊಫೈಲೊಟಾಕ್ಸಿನ್ ಎಂಬ ವಸ್ತುವಿದೆ. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಆದರೆ ಒಳಗೆ ತೆಗೆದುಕೊಂಡರೆ ರೋಗಿಯ ದೇಹಕ್ಕೇ ವಿಷವಾಗುತ್ತದೆ. ಸ್ವಿಟ್ಜರ್ಲೆಂಡಿನ ಸ್ಯಾಂಡೋಸ್ ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ಶ್ರಮಿಸಿ ಅದರ ರಾಸಾಯನಿಕ ರಚನೆಯನ್ನು ಬದಲಿಸಿ, 1960ರ ದಶಕದಲ್ಲಿ ಎಟೊಪೊಸೈಡನ್ನು ರೂಪಿಸಿದರು. ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿದ್ದು 1983ರಲ್ಲಿ. ಜೀವಕೋಶದ ವಂಶವಾಹಿ ಎಳೆಗಳು ಹುರಿಗೊಂಡ ಹಗ್ಗದಂತಿರುತ್ತವೆ. ಹುರಿ ಬಿಚ್ಚಲು ಒಂದು ಕಿಣ್ವವು ಆ ಹಗ್ಗವನ್ನು ಕತ್ತರಿಸಿ, ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಎಟೊಪೊಸೈಡ್ ಆ ಬೆಸುಗೆಯನ್ನು ತಡೆಯುತ್ತದೆ.

ಮೂರನೆಯ ಸಸ್ಯದ ಕಥೆ ಕನ್ನಡ ನಾಡಿಗೆ ಹತ್ತಿರವಾದದ್ದು. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರದಲ್ಲಿ ಜನಿಸಿದ ಮನ್ಸುಖ್ ವಾಣಿ ಅವರು ಚೀನ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1972ರಲ್ಲಿ ಭಾರತದ ರಸಾಯನಶಾಸ್ತ್ರಜ್ಞರಾದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತುವು ನಮ್ಮ ಪಶ್ಚಿಮ ಘಟ್ಟದ ಮರವೊಂದರಲ್ಲಿ ಹೇರಳವಾಗಿರುವುದನ್ನು ವರದಿ ಮಾಡಿದರು. ಹೂವಿನ ಕೆಟ್ಟ ವಾಸನೆಯಿಂದಾಗಿ ನಮ್ಮಲ್ಲಿ ಇದಕ್ಕೆ ದುರ್ವಾಸನೆ ಮರವೆಂದು ಹೆಸರು. ಕ್ಯಾಂಪ್ಟೊಥೆಸಿನನ್ನು ಮೊದಲು ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವವೇ ಮೊದಲಾದ ತೀವ್ರ ದುಷ್ಪರಿಣಾಮಗಳು ಉಂಟಾಗಿ, ಆ ಪ್ರಯತ್ನವನ್ನು ಕೈಬಿಡಬೇಕಾಯಿತು. ಮುಂದೆ ನೀರಿನಲ್ಲಿ ಕರಗುವಂತೆ ಅದರ ರಚನೆಯನ್ನು ಮಾರ್ಪಡಿಸಿ ಟೊಪೊಟೆಕಾನ್ ಎಂಬ ಔಷಧವನ್ನು ಸಿದ್ಧಪಡಿಸಲಾಯಿತು. 1996ರಲ್ಲಿ ಅದಕ್ಕೆ ಮಾನ್ಯತೆ ದೊರೆಯಿತು. ರೆಟಿನೋಬ್ಲಾಸ್ಟೊಮದ ಗಡ್ಡೆಯ ಚೂರುಗಳು ಕಣ್ಣಿನೊಳಗಿನ ಲೋಳೆಯಂತಹ ದ್ರವದಲ್ಲಿ ತೇಲುತ್ತಿರುವಾಗ ತಜ್ಞರು ಟೊಪೊಟೆಕಾನನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ನೇರವಾಗಿ ಕಣ್ಣಿನೊಳಕ್ಕೆ ನೀಡುವುದೂ ಉಂಟು.

ಔಷಧಕ್ಕಾಗಿ ಬೇರುಸಹಿತ ಕಿತ್ತುದರಿಂದಲೂ, ಮರ ಕಡಿದುದರಿಂದಲೂ ಈ ಎರಡು ಸಸ್ಯಗಳ ಸಂಖ್ಯೆ ಕಾಡಿನಲ್ಲಿ ಇಳಿಮುಖವಾಗಿದೆ. ಹಿಮಾಲಯದ ಪೊಡೊಫೈಲಮ್ ಸಸ್ಯದ ಅಂತಾರಾಷ್ಟ್ರೀಯ ವ್ಯಾಪಾರವನ್ನು 1990ರಿಂದ ನಿಯಂತ್ರಣಕ್ಕೆ ಒಳಪಡಿಸಲಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪಶ್ಚಿಮ ಘಟ್ಟದ ಯಾವ ಭಾಗದ ದುರ್ವಾಸನೆ ಮರಗಳಲ್ಲಿ ಸಾರ ಹೆಚ್ಚಿದೆ ಎಂಬುದನ್ನೂ, ಮರದೊಳಗೆ ವಾಸಿಸುವ ಶಿಲೀಂಧ್ರಗಳಿಂದ ಅದನ್ನು ಪಡೆಯಬಹುದೇ ಎಂಬುದನ್ನೂ ಅಧ್ಯಯನ ಮಾಡಿದ್ದಾರೆ. ಕಾಡಿನ ಒಂದು ಮರ ಉಳಿಯುವುದಕ್ಕೂ ಆಸ್ಪತ್ರೆಯ ಒಂದು ಮಗು ಉಳಿಯುವುದಕ್ಕೂ ಹೀಗೆ ಸಂಬಂಧವಿದೆ.

ಎಲೆಯ ರಸವೇ ಏಕೆ ಸಾಲದು?

ಗಿಡ ಮನೆಯ ಮುಂದೆಯೇ ಇರುವಾಗ ಅದರ ಎಲೆಯನ್ನು ಅರೆದು ಕುಡಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ಉತ್ತರಕ್ಕೆ ನಾಲ್ಕು ಅಂಶಗಳಿವೆ.

ಮೊದಲನೆಯದು ಪ್ರಮಾಣ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕೆಂದು ಲೆಕ್ಕ ಹಾಕಲಾಗಿದೆ. ವಿನ್‌ಕ್ರಿಸ್ಟಿನ್ ಎಲೆಯಲ್ಲಿ ಇರುವುದು ಅದಕ್ಕಿಂತಲೂ ಕಡಿಮೆ. ಇನ್ನೊಂದು ಕಡೆ, ಹತ್ತು ಕಿಲೋ ತೂಕದ ಮಗುವಿಗೆ ಒಂದು ಬಾರಿಗೆ ವೈದ್ಯರು ನೀಡುವ ವಿನ್‌ಕ್ರಿಸ್ಟಿನ್ ಸುಮಾರು ಅರ್ಧ ಮಿಲಿಗ್ರಾಂ ಮಾತ್ರ. ಅಕ್ಕಿಕಾಳೊಂದರ ತೂಕ 20 ಮಿಲಿಗ್ರಾಂ ಎಂದಿಟ್ಟುಕೊಂಡರೆ ಇದು ಅದರ ನಲವತ್ತನೆಯ ಒಂದು ಭಾಗ. ಇದಕ್ಕಿಂತ ಕಡಿಮೆಯಾದರೆ ಗಡ್ಡೆ ಜಗ್ಗದು. ಹೆಚ್ಚಾದರೆ ನರಗಳಿಗೆ ಹಾನಿ. ಮಣ್ಣು, ಮಳೆ, ಋತುಗಳಿಗೆ ತಕ್ಕಂತೆ ಸಾರ ಬದಲಾಗುವ ಎಲೆಯಿಂದ ಇಂತಹ ಅಳತೆಯನ್ನು ಸಾಧಿಸಲು ಯಾವ ಒಳಕಲ್ಲಿಗೂ ಸಾಧ್ಯವಿಲ್ಲ.

ಎರಡನೆಯದು ಮಾರ್ಗ. ಬಾಯಿಯ ಮೂಲಕ ಸೇವಿಸಿದಾಗ ಈ ವಸ್ತುಗಳು ನೆಚ್ಚಬಹುದಾದ ರೀತಿಯಲ್ಲಿ ರಕ್ತವನ್ನು ಸೇರುವುದಿಲ್ಲ. ಆದ್ದರಿಂದಲೇ ವಿನ್‌ಕ್ರಿಸ್ಟಿನನ್ನು ರಕ್ತನಾಳದ ಮೂಲಕ ಮಾತ್ರ ಕೊಡಲಾಗುತ್ತದೆ. ರಕ್ತನಾಳದಿಂದ ಹೊರಗೆ ಸೋರಿದರೆ ಅದು ಮಾಂಸವನ್ನು ಸುಡುತ್ತದೆ; ಬೆನ್ನುಹುರಿಯ ದ್ರವದೊಳಕ್ಕೆ ತಪ್ಪಿ ಸೇರಿದರೆ ಪ್ರಾಣಾಂತಿಕ. ತರಬೇತಿ ಪಡೆದವರೇ ಅದನ್ನು ನಿರ್ವಹಿಸಬೇಕು.

ಮೂರನೆಯದು ಕಚ್ಚಾ ಸಸ್ಯದ ವಿಷ. ಪೊಡೊಫೈಲೊಟಾಕ್ಸಿನ್ ಮತ್ತು ಕ್ಯಾಂಪ್ಟೊಥೆಸಿನ್‌ಗಳ ಕಥೆಯನ್ನು ಮೇಲೆ ನೋಡಿದೆವು. ಪ್ರಕೃತಿ ಕೊಟ್ಟ ರೂಪದಲ್ಲಿ ಅವು ರೋಗಿಗೆ ತಕ್ಕವಾಗಿರಲಿಲ್ಲ. ಮಾರ್ಪಡಿಸಿದ ಮೇಲೆಯೇ ಔಷಧಗಳಾದವು.

ನಾಲ್ಕನೆಯದು ಹೆಸರಿನ ಗೊಂದಲ. ಕಾಶಿ ಕಣಗಿಲೆ ಬೇರೆ, ಕಣಗಿಲೆ ಬೇರೆ. ತೆಲುಗಿನಲ್ಲಿಯೂ ಬಿಳ್ಳ ಗನ್ನೇರು ಬೇರೆ, ಗನ್ನೇರು ಬೇರೆ. ದೇವರ ಪೂಜೆಗೆ ಬಳಸುವ ಕಣಗಿಲೆಯ ಎಲೆ, ಹೂವು, ತೊಗಟೆಗಳಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಕೇಳಿದ ಹೆಸರೊಂದು, ಕಿತ್ತು ತಂದ ಎಲೆಯೊಂದು ಆದರೆ ಪುಟ್ಟ ಮಗುವಿನ ಪ್ರಾಣಕ್ಕೇ ಸಂಚಕಾರ.

ಯಾವುದೇ ಸಸ್ಯದ ರಸವನ್ನು ಕಣ್ಣಿಗೆ ನೇರವಾಗಿ ಬಿಡುವುದೂ ಅಷ್ಟೇ ಅಪಾಯಕರ. ಶುದ್ಧೀಕರಿಸದ ರಸದಿಂದ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ ಸೋಂಕು ತಗಲಿ ಹುಣ್ಣಾಗಬಹುದು. ಕಣ್ಣಿನ ಹಿಂಗೋಡೆಯಲ್ಲಿರುವ ಗಡ್ಡೆಗೆ ಆ ರಸ ತಲಪುವುದೂ ಇಲ್ಲ. ಹೊನಗೊನ್ನೆ ಸೊಪ್ಪನ್ನು ಕಣ್ಣಿಗೆ ತಂಪೆಂದು ಊಟದಲ್ಲಿ ಬಳಸುವುದು ಕನ್ನಡಿಗರಲ್ಲಿಯೂ ತೆಲುಗರಲ್ಲಿಯೂ ಇರುವ ಪದ್ಧತಿ. ಆಹಾರವಾಗಿ ಅದು ಒಳ್ಳೆಯದೇ. ಆದರೆ ಆಹಾರ ಬೇರೆ, ಕ್ಯಾನ್ಸರಿನ ಚಿಕಿತ್ಸೆ ಬೇರೆ.

ಪ್ರಯೋಗಾಲಯದ ಭರವಸೆ

ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ವಸ್ತುವು ರೆಟಿನೋಬ್ಲಾಸ್ಟೊಮದ ಕೋಶಗಳ ಬೆಳವಣಿಗೆಯನ್ನು ತಡೆಯಿತೆಂಬ ವರದಿಗಳನ್ನು ಓದುಗರು ನೋಡಿರಬಹುದು. ಈ ದಿಸೆಯಲ್ಲಿ ಚೆನ್ನೈಯ ಸಂಶೋಧಕರೂ ಕೆಲಸ ಮಾಡಿ, 2012ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ. ಇಂತಹ ಪ್ರಯೋಗಗಳಿಗೆ ಬಳಸುವುದು 1974ರಲ್ಲಿ ರೋಗಿಯೊಬ್ಬಳ ಗಡ್ಡೆಯಿಂದ ಪಡೆದು, ಅಂದಿನಿಂದ ಗಾಜಿನ ಪಾತ್ರೆಗಳಲ್ಲಿ ಬೆಳೆಸಿಕೊಂಡು ಬಂದಿರುವ ವೈ-79 ಎಂಬ ಕೋಶಗಳನ್ನು. ಈ ಸಂಶೋಧನೆ ಬೆಲೆಯುಳ್ಳದ್ದು. ಆದರೆ ಗಾಜಿನ ಪಾತ್ರೆಯ ಕೋಶದ ಮೇಲೆ ಸುರಿದ ವಸ್ತು ಮಗುವಿನ ಹೊಟ್ಟೆಯ ಮೂಲಕ ಹಾದು, ಯಕೃತ್ತನ್ನು ದಾಟಿ, ಕಣ್ಣಿನೊಳಗಿನ ಗಡ್ಡೆಗೆ ಅದೇ ಪ್ರಮಾಣದಲ್ಲಿ ತಲಪುತ್ತದೆ ಎಂದು ಭಾವಿಸುವಂತಿಲ್ಲ. ತಿಂದ ಕರ್ಕ್ಯುಮಿನಿನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಪಾತ್ರೆಯಲ್ಲಿನ ಕೋಶ, ಪ್ರಾಣಿ, ಅನಂತರ ಹಂತಹಂತವಾಗಿ ರೋಗಿಗಳು, ಹೀಗೆ ಪರೀಕ್ಷೆಗಳೆಲ್ಲವನ್ನೂ ದಾಟಿದ ಮೇಲೆಯೇ ಒಂದು ವಸ್ತುವನ್ನು ಔಷಧವೆನ್ನಲಾಗುತ್ತದೆ. ಕಾಶಿ ಕಣಗಿಲೆ ಆ ದಾರಿಯನ್ನು ಪೂರ್ತಿಯಾಗಿ ನಡೆದಿದೆ. ಅರಿಶಿನ ಇನ್ನೂ ದಾರಿಯ ಮೊದಲ ಭಾಗದಲ್ಲಿದೆ.

ಅಡಿಗೆಯಲ್ಲಿ ಅರಿಶಿನ ಬಳಸಲು ಅಡ್ಡಿಯೇನೂ ಇಲ್ಲ. ಆದರೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗ ಪುಡಿ, ಲೇಹ್ಯ, ಕಷಾಯಗಳನ್ನು ಕೊಡುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಬೇಕು. ಕೆಲವು ಸಸ್ಯಜನ್ಯ ವಸ್ತುಗಳು ಯಕೃತ್ತಿನಲ್ಲಿ ಔಷಧಗಳು ಕರಗುವ ವೇಗವನ್ನು ಬದಲಿಸಬಲ್ಲವು. ಕ್ಯಾನ್ಸರನ್ನೂ ಕುರುಡನ್ನೂ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ ನಿಷೇಧಿಸಿದೆ ಎಂಬುದೂ ನೆನಪಿರಲಿ.

ಚಿಕಿತ್ಸೆ ಎಲ್ಲಿ, ಹೇಗೆ?

ಗನ್ನವರಂನಲ್ಲಿರುವ ಕುಟುಂಬಕ್ಕೆ ಹತ್ತಿರದ ದಾರಿಗಳು ಸ್ಪಷ್ಟವಾಗಿವೆ. 1987ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯು 2006ರಲ್ಲಿ ವಿಶಾಖಪಟ್ಟಣದಲ್ಲಿಯೂ, 2011ರಲ್ಲಿ ವಿಜಯವಾಡದ ತಾಡಿಗಡಪದಲ್ಲಿಯೂ ಕೇಂದ್ರಗಳನ್ನು ತೆರೆಯಿತು. ಕಣ್ಣಿನ ಕ್ಯಾನ್ಸರಿಗಾಗಿಯೇ ಮೀಸಲಾದ ವಿಭಾಗ ಅದರ ಹೈದರಾಬಾದ್ ಕೇಂದ್ರದಲ್ಲಿದೆ. ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ವಿಶಾಖಪಟ್ಟಣದಲ್ಲಿದೆ. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆಯೂ, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಇವೆ. ರಾಯಚೂರು, ಬಳ್ಳಾರಿ ಕಡೆಯವರಿಗೂ ಆಂಧ್ರದ ಗಡಿ ಜಿಲ್ಲೆಗಳಲ್ಲಿರುವ ಕನ್ನಡಿಗರಿಗೂ ಹೈದರಾಬಾದ್ ಇಲ್ಲವೆ ಬೆಂಗಳೂರು ತಲಪುವುದು ಒಂದು ರಾತ್ರಿಯ ಪ್ರಯಾಣ.

ಮೊದಲ ಹೆಜ್ಜೆಗೆ ಅಷ್ಟು ದೂರವೂ ಹೋಗಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ವೈದ್ಯಕೀಯ ತಂಡಗಳಿಗೆ, ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಗುವನ್ನು ತೋರಿಸಿ, ದೊಡ್ಡ ಆಸ್ಪತ್ರೆಗೆ ಚೀಟಿ ಪಡೆಯಬಹುದು. 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಖರ್ಚಿನ ರಕ್ಷಣೆ ಇದೆ. ಆಯುರ್ವೇದ ವೈದ್ಯರೂ ನಾಟಿ ವೈದ್ಯರೂ ಪಾಪೆ ಬೆಳ್ಳಗಾದ ಮಗುವನ್ನು ಕಂಡ ದಿನವೇ ನೇತ್ರತಜ್ಞರ ಬಳಿಗೆ ಕಳುಹಿಸಿದರೆ ಅದೇ ಅವರು ನೀಡುವ ಶ್ರೇಷ್ಠ ಮದ್ದು.

ಚಿಕಿತ್ಸೆಯು ರೋಗದ ಹಂತವನ್ನು ಅವಲಂಬಿಸಿದೆ. ಔಷಧಗಳನ್ನು ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ಸುಮಾರು ಆರು ಸರದಿ ನೀಡುತ್ತಾರೆ. ಕೂದಲು ಉದುರುವುದು, ಬಿಳಿ ರಕ್ತಕಣಗಳು ಇಳಿದು ಸೋಂಕು ತಗಲುವುದು, ಮಲಬದ್ಧತೆ, ಕಾಲಿನ ಬಲ ಕುಂದುವುದು ಮುಂತಾದ ದುಷ್ಪರಿಣಾಮಗಳು ಉಂಟಾಗಬಹುದು. ಜ್ವರ ಬಂದ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಚಿಕ್ಕ ಗಡ್ಡೆಗಳಿಗೆ ಲೇಸರ್, ಶೀತಚಿಕಿತ್ಸೆಗಳಿವೆ. ಕಣ್ಣಿನ ಹೊರಗೋಡೆಗೆ ಕೆಲಕಾಲ ಅಂಟಿಸಿ ವಿಕಿರಣ ನೀಡುವ ರುಥೇನಿಯಂ-106ರ ಪುಟ್ಟ ಫಲಕಗಳನ್ನು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ದೇಶದಲ್ಲಿಯೇ ಅಭಿವೃದ್ಧಿಪಡಿಸಿದೆ.

ಗಡ್ಡೆ ಕಣ್ಣನ್ನು ತುಂಬಿದ್ದರೆ ಕಣ್ಣು ತೆಗೆಯಲು ವೈದ್ಯರು ಹೇಳಬಹುದು. ಪಾಲಕರು ಆಸ್ಪತ್ರೆಯಿಂದ ಮಗುವನ್ನು ಹಿಂದಕ್ಕೆ ಕರೆದೊಯ್ದು ಬೇರೆ ಮದ್ದುಗಳನ್ನು ಹುಡುಕುವುದು ಹೆಚ್ಚಾಗಿ ಈ ಘಟ್ಟದಲ್ಲಿಯೇ. ಅವರ ಸಂಕಟ ಅರ್ಥವಾಗುವಂತಹದು. ಹೆತ್ತ ಮಗುವಿನ ಕಣ್ಣನ್ನು ತೆಗೆಯಿರಿ ಎಂದು ಒಪ್ಪಿಗೆ ಬರೆದುಕೊಡುವುದು ಸುಲಭದ ಮಾತಲ್ಲ. ಆದರೆ ಆ ಕಣ್ಣಿನಲ್ಲಿ ದೃಷ್ಟಿ ಆಗಲೇ ಹೋಗಿರುತ್ತದೆ. ತೆಗೆಯುವುದು ಪ್ರಾಣವನ್ನು ಉಳಿಸಲು. ಕೃತಕ ಕಣ್ಣನ್ನು ಇರಿಸಿದ ಮೇಲೆ ಮಗು ಉಳಿದ ಮಕ್ಕಳಂತೆ ಆಡುತ್ತದೆ, ಶಾಲೆಗೆ ಹೋಗುತ್ತದೆ. ಹಿಂದಕ್ಕೆ ಕರೆದೊಯ್ದ ಮಗು ಆರು ತಿಂಗಳ ನಂತರ ಮರಳಿ ಬಂದಾಗ ರೋಗ ಮಿದುಳನ್ನು ಸೇರಿರಬಹುದು. ಆಗ ಕಾಶಿ ಕಣಗಿಲೆಯ ಔಷಧಕ್ಕೂ ಅದನ್ನು ಹಿಮ್ಮೆಟ್ಟಿಸುವುದು ಬಲು ಕಷ್ಟ.

ರೋಗ ಗುಣವಾದ ಮೇಲೂ ವೈದ್ಯರು ಹೇಳಿದ ದಿನಗಳಲ್ಲಿ ಪರೀಕ್ಷೆ ತಪ್ಪಿಸಬಾರದು. ಆ ಮಗುವಿನ ಅಣ್ಣತಮ್ಮಂದಿರ, ಅಕ್ಕತಂಗಿಯರ ಕಣ್ಣುಗಳನ್ನೂ ಪರೀಕ್ಷಿಸಬೇಕು. ಕುಟುಂಬದಲ್ಲಿ ಒಬ್ಬರಿಗೆ ಈ ರೋಗ ಬಂದಿದ್ದರೆ, ಮುಂದೆ ಹುಟ್ಟುವ ಮಗುವನ್ನು ಹುಟ್ಟಿದ ಮೊದಲ ದಿನಗಳಲ್ಲಿಯೇ ತೋರಿಸುವುದು ಅಗತ್ಯ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮಗುವಿನ ಪಾಪೆಯಲ್ಲಿ ಬಿಳಿ ಹೊಳಪು ಅಥವಾ ಹೊಸ ಮೆಳ್ಳೆಗಣ್ಣು ಕಂಡರೆ ಅದೇ ವಾರ ನೇತ್ರತಜ್ಞರಿಗೆ ತೋರಿಸಬೇಕು. ನೋವಿಲ್ಲವೆಂದು ಕಾಯಬಾರದು.

2. ಕಣ್ಣಿಗೆ ಯಾವುದೇ ಸೊಪ್ಪಿನ, ಹೂವಿನ ರಸವನ್ನು ಬಿಡಬಾರದು. ಕಾಶಿ ಕಣಗಿಲೆಯ ಎಲೆಯನ್ನು ಮಗುವಿಗೆ ಕುಡಿಸಬಾರದು.

3. ಸಸ್ಯಮೂಲದ ವಿನ್‌ಕ್ರಿಸ್ಟಿನ್, ಎಟೊಪೊಸೈಡ್, ಟೊಪೊಟೆಕಾನ್ ಔಷಧಗಳು ಈ ರೋಗದ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಅವುಗಳನ್ನು ನೀಡಬೇಕಾದವರು ತಜ್ಞರು.

4. ಆರಂಭಿಸಿದ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು.

ನಮ್ಮ ಹಿರಿಯರಿಗೆ ಗಿಡಮೂಲಿಕೆಗಳ ಮೇಲಿದ್ದ ನಂಬಿಕೆ ಹುಸಿಯಾಗಲಿಲ್ಲ. ಅಂಗಳದ ಹೂವಿನಲ್ಲಿ ಮಗುವಿನ ಕಣ್ಣನ್ನು ಉಳಿಸುವ ಶಕ್ತಿ ಇರುವುದು ನಿಜವೆಂದು ವಿಜ್ಞಾನ ತೋರಿಸಿಕೊಟ್ಟಿದೆ. ಆ ಶಕ್ತಿ ಮಗುವನ್ನು ತಲಪಬೇಕಾದರೆ ಮಗು ಆಸ್ಪತ್ರೆಯನ್ನು ತಲಪಬೇಕು. ಅದೂ ಸಕಾಲದಲ್ಲಿ ತಲಪಬೇಕು.